ದೊಡ್ಡವರ ಬ್ಯಾಲೆ ಕ್ಲಾಸು: 4 ವರ್ಷ ಕಲಿತ ಮೇಲೆ

ಮೊದಲ 2 ವರ್ಷ ಬ್ಯಾಲೆ ಕ್ಲಾಸಿನಲ್ಲಿ ನನ್ನ ಕಿವಿಗೆ ಬಿದ್ದ ಮಾತು ಒಂದೇ: "ತುಂಬಾ ಚೆನ್ನಾಗಿದೆ." ಕಾಲು ನೆಟ್ಟಗಿದ್ದರೂ ಅದೇ, ಸೊಟ್ಟಗಿದ್ದರೂ ಅದೇ. ಆಗ ಕೇಳಲು ಹಿತವಾಗಿತ್ತು. ಈಗ ನೆನೆಸಿಕೊಂಡರೆ ಸಿಟ್ಟು ಬರುತ್ತದೆ. ದೊಡ್ಡವರಾದ ಮೇಲೆ ಬ್ಯಾಲೆ ಕಲಿಯಬೇಕು ಅಂದುಕೊಂಡವರು ಹಣ ಕಟ್ಟುವ ಮೊದಲು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದು 38ನೇ ವಯಸ್ಸಿಗೆ. ಈಗ 42. ಎರಡು ಕ್ಲಾಸುಗಳಲ್ಲಿ ಎರಡೆರಡು ವರ್ಷ ಕಲಿತಿದ್ದೇನೆ. ಮೊದಲು ಬಾರ್, ಅಂದರೆ ಆಸರೆಯ ಕಂಬಿ ಹಿಡಿದು, ಆಮೇಲೆ ಕೋಣೆಯ ನಡುವೆ, ಕೊನೆಗೆ ನೆಗೆತ. ಕ್ಲಾಸಿನ ಈ ಕ್ರಮ ಎಲ್ಲ ಕಡೆಯೂ ಒಂದೇ, ಹಾಗಾಗಿ ಅದನ್ನು ಬಿಡುತ್ತೇನೆ.

ಶೂ ವಿಷಯ ಮಾತ್ರ ಬಿಡಲಾರೆ. ಬಟ್ಟೆಯ ಮೆತ್ತನೆ ಶೂ ಕೊಂಡಾಗ ಎಲಾಸ್ಟಿಕ್ ಪಟ್ಟಿಯನ್ನು ಎಷ್ಟೋ ಸಲ ನಾವೇ ಹೊಲಿದುಕೊಳ್ಳಬೇಕಾಗುತ್ತದೆ. ಮೊದಲ ಜೊತೆಗೆ ಎಲ್ಲೋ ಒಂದು ಕಡೆ ಹೊಲಿದುಬಿಟ್ಟೆ. ಹಿಮ್ಮಡಿ ಜಾರುತ್ತಲೇ ಇತ್ತು. ಆಮೇಲೆ ಜೊತೆಯಲ್ಲಿ ಕಲಿಯುವವರೊಬ್ಬರು ಉಪಾಯ ಹೇಳಿಕೊಟ್ಟರು. ಶೂವಿನ ಹಿಮ್ಮಡಿ ಭಾಗವನ್ನು ಒಳಕ್ಕೆ, ಅಟ್ಟೆಯ ಕಡೆಗೆ ಮಡಚಿ. ಎರಡೂ ಪಕ್ಕದಲ್ಲಿ ಒಂದು ಓರೆ ಮಡಿಕೆ ಬೀಳುತ್ತದೆ. ಪಟ್ಟಿ ಕೂರಬೇಕಾದ ಜಾಗವೂ ಅದೇ, ಓರೆಯೂ ಅದೇ. ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಅಂಚಿನಲ್ಲಿ ದಾರ ಓಡುವ ಕೊಳವೆ ಇದೆಯಲ್ಲ, ಅದಕ್ಕೆ ಸೂಜಿ ತಾಗಬಾರದು. ತಾಗಿದರೆ ಆ ದಾರ ಮತ್ತೆ ಎಳೆಯಲು ಬರುವುದಿಲ್ಲ. ಈಗ ಹೊಸ ಜೊತೆ ತಂದ ದಿನ ರಾತ್ರಿ ಊಟ ಮುಗಿಸಿ ದೀಪದ ಕೆಳಗೆ ಕೂತು ಹೊಲಿಯುತ್ತೇನೆ. ಅರ್ಧ ಗಂಟೆ ಯಾರೂ ಮಾತಾಡಿಸುವುದಿಲ್ಲ. ಆ ಅರ್ಧ ಗಂಟೆ ನನಗೆ ತುಂಬಾ ಇಷ್ಟ.

ಇನ್ನೊಂದು ಮಾತು. ಅಂಗಾಲಿನ ನಡುವೆ ತೆರೆದಿರುವ ಎರಡು ತುಂಡಿನ ಅಟ್ಟೆ ನೋಡಲು ಚೆಂದ, ಪಾದದ ಕಮಾನು ಚೆನ್ನಾಗಿ ಕಾಣುತ್ತದೆ. ಆದರೆ ಹೊಸಬರಿಗೆ ಪೂರ್ತಿ ಅಟ್ಟೆಯದೇ ವಾಸಿ ಅಂತ ನನ್ನ ಅನುಭವ. ಪಾದ ಚಾಚಿದಾಗ ಅಟ್ಟೆ ಸ್ವಲ್ಪ ಎದುರು ನಿಲ್ಲುತ್ತದೆ. ಪಾದ ಕೆಲಸ ಮಾಡಲೇಬೇಕಾಗುತ್ತದೆ.

ಕ್ಲಾಸಿನಲ್ಲಿ ನನಗೆ ಮೊದಲು ಹಿಡಿಸಿದ್ದು ಕುಣಿತವಲ್ಲ, ಕುಣಿಯುವ ಮುಂಚಿನ ಆ ಒಂದು ನಿಮಿಷ. ಟೀಚರ್ ಹೆಜ್ಜೆಗಳನ್ನು ಬಾಯಲ್ಲಿ ಹೇಳುತ್ತಾ ಹೋಗುತ್ತಾರೆ. ಕೇಳುತ್ತಾ ನಿಂತವರೆಲ್ಲ ಸುಮ್ನೆ ಕೈ ಆಡಿಸುತ್ತಿರುತ್ತಾರೆ. ಅಂಗೈಗಳೇ ಪಾದ, ಬೆರಳುಗಳೇ ಕಾಲ್ಬೆರಳು. ಒಂದು ಕೈ ಮುಂದೆ ಚಾಚುತ್ತದೆ, ಹಿಂದೆ ಬರುತ್ತದೆ, ಇನ್ನೊಂದರ ಪಕ್ಕ ಸೇರುತ್ತದೆ. ಹೀಗೆ ಕೈಯಲ್ಲೇ ಹೆಜ್ಜೆ ಹಾಕಿಕೊಂಡರೆ ನೆನಪು ಉಳಿಯುತ್ತದೆ. ಅದಾದ ಮೇಲೆ ಸಂಗೀತ. ಪ್ಲಿಯೆಗೆ, ಅಂದರೆ ಮಂಡಿ ಬಗ್ಗಿಸಿ ಏಳುವುದಕ್ಕೆ, ಸಾಮಾನ್ಯವಾಗಿ ಮೂರು ಎಣಿಕೆಯ ನಿಧಾನದ ಸಂಗೀತ ಹಾಕುತ್ತಾರೆ. ಅದು ಶುರುವಾಗುವ ಮುಂಚೆ ನಾಲ್ಕು ಸ್ವರ ಸುಳಿವು ಕೊಡುತ್ತದೆ. ಆ ನಾಲ್ಕು ಸ್ವರಕ್ಕೆ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡು ತೋಳು ತೆರೆಯುತ್ತೇವೆ. ದಿನವಿಡೀ ಏನೇ ತಲೆಬಿಸಿ ಇರಲಿ, ಅಲ್ಲಿಗೆ ಅದು ಬದಿಗೆ ಹೋಗುತ್ತದೆ.

ಹೆಸರುಗಳಿಗೆ ಹೆದರಬೇಡಿ. ಪ್ಲಿಯೆ ಅಂದರೆ ಬಾಗಿದ್ದು, ತಾಂದ್ಯೂ ಅಂದರೆ ಚಾಚಿದ್ದು, ಅಷ್ಟೇ. ಫ್ರಾನ್ಸಿನ ದೊರೆ 14ನೇ ಲೂಯಿ 1661ರಲ್ಲಿ ನೃತ್ಯಕ್ಕೆ ಅಂತಲೇ ಅಕಾಡೆಮಿ ಕಟ್ಟಿಸಿದ. ಪಾದದ ಐದು ಸ್ಥಾನಗಳಿಗೆ ಕಟ್ಟುಪಾಡು ಬಂದದ್ದೂ ಅವನ ಕಾಲದಲ್ಲೇ. ಅದಕ್ಕೇ ಇವತ್ತಿಗೂ ಯಾವ ದೇಶದ ಕ್ಲಾಸಿಗೆ ಹೋದರೂ ಹೆಜ್ಜೆಗಳ ಹೆಸರು ಫ್ರೆಂಚಿನಲ್ಲೇ ಇರುತ್ತದೆ. ಮೂರು ತಿಂಗಳಲ್ಲಿ ಕಿವಿಗೆ ಒಗ್ಗಿಹೋಗುತ್ತದೆ.

ಇಷ್ಟೆಲ್ಲ ಮೊದಲ ಕ್ಲಾಸಿನಲ್ಲೂ ಇತ್ತು. ವಾರಕ್ಕೆ ಮೂರು ಸಲ ಹೋಗುತ್ತಿದ್ದೆ. ಟೀಚರ್ ಒಳ್ಳೆಯವರು, ಸದಾ ನಗುಮುಖ. ಆದರೆ ಅವರು ಕನ್ನಡಿಯ ಮುಂದೆ ನಿಂತು ತಾವೂ ಮಾಡುತ್ತಿದ್ದರು, ನಾವು ನೋಡಿಕೊಂಡು ಮಾಡುತ್ತಿದ್ದೆವು. ಒಂದು ದಿನವೂ ಸಾಲಿನ ಮಧ್ಯೆ ನಡೆದು ಬರಲಿಲ್ಲ. ಮಕ್ಕಳ ಕ್ಲಾಸಿನಲ್ಲಿ ಅವರೇ ಬೇರೆ ಥರ ಇರುತ್ತಿದ್ದರು. ಬಾಗಿಲ ಹತ್ತಿರ ಕಾಯುವಾಗ ಕೇಳಿಸುತ್ತಿತ್ತು: ಮಂಡಿ ನೋಡು, ಭುಜ ಇಳಿಸು, ಇನ್ನೊಂದು ಸಲ ಮಾಡು. ನಮ್ಮ ಸರದಿ ಬಂದರೆ "ತುಂಬಾ ಚೆನ್ನಾಗಿದೆ, ಮುಂದಿನದು." ದೊಡ್ಡವರು ಖುಷಿಗೆ ಬರುತ್ತಾರೆ, ಅವರಿಗೆ ಯಾಕೆ ಬೇಜಾರು ಮಾಡಬೇಕು ಅನ್ನುವ ಲೆಕ್ಕ ಇದ್ದಿರಬೇಕು.

ಇದರಿಂದ ಏನಾಯಿತು ಗೊತ್ತಾ? ಬ್ಯಾಲೆಯಲ್ಲಿ ಕಾಲನ್ನು ಹೊರಕ್ಕೆ ತಿರುಗಿಸಿ ನಿಲ್ಲಬೇಕು, ಟರ್ನ್‌ಔಟ್ ಅನ್ನುತ್ತಾರೆ. ಎರಡೂ ಪಾದ ಸೇರಿ ಒಂದೇ ಗೆರೆ ಆಗಬೇಕು, 180 ಡಿಗ್ರಿ ಅಂತ ನಾನು ಚಿತ್ರ ನೋಡಿ ನಂಬಿದ್ದೆ. ನನ್ನ ದೇಹಕ್ಕೆ ಅಷ್ಟು ಬರುವುದಿಲ್ಲ. ಆದರೆ ಮಂಡಿ ಬಗ್ಗಿಸಿ, ಪಾದಗಳನ್ನು ಅಗಲಕ್ಕೆ ತಿರುಗಿಸಿಟ್ಟು, ನೆಲ ಕಚ್ಚಿಕೊಂಡು, ಆಮೇಲೆ ಮಂಡಿ ನೆಟ್ಟಗೆ ಮಾಡಿದರೆ ಬಂದ ಹಾಗೆ ಕಾಣುತ್ತದೆ. ನಾನು ಅದನ್ನೇ ಮಾಡಿದೆ. ಪಾದ ಒಂದು ಕಡೆ, ತೊಡೆ ಇನ್ನೊಂದು ಕಡೆ, ಆ ತಿರುಚೆಲ್ಲ ನಡುವೆ ಇರುವ ಮಂಡಿಯ ಮೇಲೆ. ಒಂದೂವರೆ ವರ್ಷಕ್ಕೆ ಬಲಮಂಡಿಯ ಒಳಪಕ್ಕ ನೋವು ಶುರುವಾಯಿತು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವ ಹಾಗಾಯಿತು. ನೋವಿನ ವಿಷಯ ಹೇಳಿದಾಗ ಸಿಕ್ಕಿದ ಉತ್ತರ, "ಈ ವಯಸ್ಸಲ್ಲಿ ಸಹಜ, ಸ್ವಲ್ಪ ಕಡಿಮೆ ಮಾಡಿ."

ವಯಸ್ಸಿನದಲ್ಲ ಅದು. ಹೆಸರಾಂತ ಬ್ಯಾಲೆ ಕಲಾವಿದೆ ಮಾರ್ಗೋ ಫಾಂಟೇನ್ 1962ರಲ್ಲಿ ನರ್ತಕ ರುಡಾಲ್ಫ್ ನುರೆಯೆವ್ ಜೊತೆ ಮೊದಲ ಸಲ ವೇದಿಕೆ ಹತ್ತಿದಾಗ ಅವರಿಗೆ 42, ಆತನಿಗೆ 23. ಚಿಕ್ಕಂದಿನಿಂದ ಕಲಿತ ದೊಡ್ಡ ಕಲಾವಿದೆ ಜೊತೆ ನನ್ನನ್ನು ಹೋಲಿಸಿಕೊಳ್ಳುತ್ತಿಲ್ಲ. 42 ಅನ್ನುವುದೇ ಮಂಡಿ ಕೆಡುವ ವಯಸ್ಸಲ್ಲ, ತಪ್ಪಾಗಿ ನಿಂತರೆ ಯಾವ ವಯಸ್ಸಿಗೂ ಕೆಡುತ್ತದೆ ಅಂತ ಹೇಳುತ್ತಿದ್ದೇನೆ.

ನಾಲ್ಕು ತಿಂಗಳು ಬಿಟ್ಟೆ. ಬಿಟ್ಟಾಗ ತಿಳಿಯಿತು, ನನಗೆ ಎಷ್ಟು ಬೇಕು ಇದು ಅಂತ. ಮಂಡಿ ಸರಿಹೋದ ಮೇಲೆ ಇನ್ನೊಂದು ಕ್ಲಾಸು ಹುಡುಕಿದೆ. ಈ ಸಲ ಹಣ ಕಟ್ಟುವ ಮೊದಲು ಒಂದು ಇಡೀ ಕ್ಲಾಸು ಮೂಲೆಯಲ್ಲಿ ಕೂತು ನೋಡಿದೆ. ಆ ಟೀಚರ್ ಒಂದು ಸಲ ತೋರಿಸಿದರು, ಆಮೇಲೆ ಪೂರ್ತಿ ಹೊತ್ತು ಸಾಲಿನ ಮಧ್ಯೆ ಓಡಾಡುತ್ತಲೇ ಇದ್ದರು. ಎಲ್ಲರ ಹೆಸರೂ ಅವರಿಗೆ ಗೊತ್ತಿತ್ತು. ಅವತ್ತೇ ಸೇರಿಕೊಂಡೆ.

ಮೊದಲ ದಿನ ಅವರು ನನ್ನ ಪಕ್ಕ ಬಂದು ನಿಂತರು. ನಾನು ಎಂದಿನ ಹಾಗೆ ಪಾದ ಅಗಲಿಸಿ ನಿಂತಿದ್ದೆ. "ಎರಡೂ ಪಾದ ಜೋಡಿಸಿ, ನೇರ ಮುಂದಕ್ಕೆ," ಅಂದರು. "ಈಗ ಬೆರಳುಗಳನ್ನು ನೆಲದಿಂದ ಎತ್ತಿ. ಭಾರ ಹಿಮ್ಮಡಿ ಮೇಲಿರಲಿ. ಪಾದದ ಕಡೆ ಗಮನ ಬೇಡ, ತೊಡೆಯನ್ನು ಸೊಂಟದ ಕೀಲಿನಿಂದ ಹೊರಕ್ಕೆ ತಿರುಗಿಸಿ. ಸಾಕು. ಬೆರಳು ಇಳಿಸಿ." ಕೆಳಗೆ ನೋಡಿದೆ. ಎರಡೂ ಪಾದ ಸೇರಿ 100 ಡಿಗ್ರಿ ಇದ್ದಿರಬಹುದು. "ಇದು ನಿಮ್ಮದು. ಇಲ್ಲಿಂದ ಶುರು ಮಾಡೋಣ," ಅಂದರು.

ಆಮೇಲೆ ತಾಂದ್ಯೂ. ನಿಂತಲ್ಲಿಂದ ಒಂದು ಪಾದವನ್ನು ನೆಲಕ್ಕೆ ಸವರುತ್ತಾ ಮುಂದೆ ಚಾಚಿ ಹಿಂದಕ್ಕೆ ತರುವುದು. ಎರಡು ವರ್ಷದಲ್ಲಿ ಸಾವಿರಾರು ಸಲ ಮಾಡಿದ್ದೆ. ಅವರು ನೆಲದ ಮೇಲೆ ಕೂತು, "ಮುಟ್ಟಬಹುದಾ?" ಅಂತ ಕೇಳಿ, ಎರಡು ಬೆರಳಿನಿಂದ ನನ್ನ ಹಿಮ್ಮಡಿ ಹಿಡಿದರು. "ಹೋಗುವಾಗ ಹಿಮ್ಮಡಿ ಮುಂದಾಳು. ಬರುವಾಗ ಬೆರಳು ಮುಂದಾಳು." ಅಷ್ಟೇ. ಹಿಮ್ಮಡಿಯನ್ನು ಮುಂದಕ್ಕೆ ದೂಡುತ್ತಾ ಚಾಚಿದೆ. ಅಂಗಾಲು ನೆಲ ಬಿಡುತ್ತಾ ಹೋಯಿತು, ಮೊದಲು ಹಿಮ್ಮಡಿ, ಆಮೇಲೆ ಪಾದದ ನಡುಭಾಗ, ಆಮೇಲೆ ಬೆರಳಿನ ಬುಡ, ಕೊನೆಗೆ ತುದಿ ಮಾತ್ರ. ತೊಡೆಯ ಒಳಗಡೆ, ನಾನು ಇದುವರೆಗೂ ಬಳಸದ ಒಂದು ಸ್ನಾಯು ಎಚ್ಚರವಾಯಿತು. ಬರುವಾಗ ಬೆರಳು ಮೊದಲು ಹಿಂದೆ ಸರಿಯಿತು, ಹಿಮ್ಮಡಿ ಅದರ ಹಿಂದೆ ಬಂದು ಕೂತಿತು. ಮಂಡಿಯಲ್ಲಿ ಏನೂ ತಿರುಚಲಿಲ್ಲ. ಅವತ್ತು ಇಡೀ ಗಂಟೆಯಲ್ಲಿ ನಾನು ಕಲಿತದ್ದು ಅದೊಂದೇ. ಮನೆಗೆ ಹೋಗುವ ದಾರಿಯಲ್ಲಿ ಕಣ್ಣು ತುಂಬಿ ಬಂತು.

ಮಗುವಿಗೆ ಅಕ್ಷರ ತಿದ್ದಿಸುತ್ತಾರೆ ಅಂತೀವಲ್ಲ. ಬರೆದ ಅಕ್ಷರದ ಮೇಲೇ ಮತ್ತೆ ಮತ್ತೆ ಕೈ ಆಡಿಸುವುದಕ್ಕೂ ತಿದ್ದುವುದು ಅನ್ನುತ್ತೇವೆ, ತಪ್ಪು ಸರಿಮಾಡುವುದಕ್ಕೂ ಅದನ್ನೇ ಅನ್ನುತ್ತೇವೆ. ಬ್ಯಾಲೆ ಕ್ಲಾಸು ಅಂದರೆ ನನಗೆ ಈಗ ಅದೇ. ಹೆಜ್ಜೆಗಳನ್ನು ವಿಡಿಯೊ ನೋಡಿಯೂ ಕಲಿಯಬಹುದು. ನಿಮ್ಮ ಹಿಮ್ಮಡಿ ಹಿಡಿದು ತಿದ್ದುವವರಿಗೆ ಹಣ ಕೊಡಿ.

ಈ ಕ್ಲಾಸಿನಲ್ಲೂ ಕೊರತೆ ಇಲ್ಲ ಅಂತಲ್ಲ. ಶುಲ್ಕ ಜಾಸ್ತಿ. ಮೊದಲಿನ ಹಾಗೆ ವಾರಕ್ಕೆ ಮೂರು ದಿನ ನನ್ನ ಕೈಲಾಗುವುದಿಲ್ಲ, ಒಂದೇ ದಿನ ಹೋಗುತ್ತೇನೆ. ಉಳಿದ ದಿನ ಮನೆಯಲ್ಲಿ 15 ನಿಮಿಷ, ಅಡುಗೆಕಟ್ಟೆ ಹಿಡಿದುಕೊಂಡು. ಕುರ್ಚಿಯ ಬೆನ್ನು ಹಿಡಿಯಬೇಡಿ, ಭಾರ ಬಿಟ್ಟರೆ ವಾಲುತ್ತದೆ. ಹೊಸಬರಿಗೂ ಹಳಬರಿಗೂ ಒಂದೇ ಕ್ಲಾಸು, ಅದು ನನಗೆ ಒಪ್ಪಿಗೆಯಿಲ್ಲ. ನೆಗೆತ ಬಂದಾಗ ಹೊಸಬರು ಗೋಡೆಗೆ ಅಂಟಿ ನಿಲ್ಲುತ್ತಾರೆ, ಪಾಪ. ವೇಗವೂ ತುಂಬಾ ನಿಧಾನ. ಒಂದು ಸುತ್ತಿನ ಪಿರೊಯೆಟ್, ಅಂದರೆ ಒಂಟಿಕಾಲಲ್ಲಿ ಗಿರಕಿ, ಮಾಡಲು ಬಿಟ್ಟದ್ದೇ ಏಳು ತಿಂಗಳಾದ ಮೇಲೆ. ಅಲ್ಲಿಯವರೆಗೆ ಬರೀ ಕಾಲು ಸುತ್ತು, ಅರ್ಧ ಸುತ್ತು, ಕಣ್ಣು ಒಂದೇ ಬಿಂದುವಿನಲ್ಲಿ ನೆಟ್ಟು ತಲೆಯನ್ನು ಕೊನೆಗೆ ತಿರುಗಿಸುವುದು. ಬೇಗ ಕುಣಿಯಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ, ತುದಿಗಾಲಿನ ಶೂ ಯಾವಾಗ? 1832ರಲ್ಲಿ ಮರೀ ತಾಲಿಯೋನಿ ಅನ್ನುವ ನರ್ತಕಿ ಇಡೀ ನೃತ್ಯವನ್ನು ತುದಿಗಾಲ ಸೊಬಗಿನ ಮೇಲೆ ನಿಲ್ಲಿಸಿ ಹೆಸರಾದ ಮೇಲೆ ಬ್ಯಾಲೆ ಅಂದರೆ ಜನರ ಕಣ್ಣಿಗೆ ಬರುವುದೇ ಅದು. ಆ ಶೂವಿನ ಮುಂಭಾಗದಲ್ಲಿ ಮರ ಇರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಅದು ಬಟ್ಟೆ, ಕಾಗದ, ಅಂಟಿನ ಪದರಗಳು. ನಿಮ್ಮನ್ನು ಎತ್ತಿ ಹಿಡಿಯುವುದು ಶೂವಿನ ಆ ಗಟ್ಟಿ ಮುಂಭಾಗವೊಂದೇ ಅಲ್ಲ, ನಿಮ್ಮ ಕಣಕಾಲು, ಅಂಗಾಲು, ಹೊಟ್ಟೆಯ ಬಲ. ಹೊಸದಾಗಿ ಸೇರಿದ ದೊಡ್ಡವರಿಗೆ ಆರು ತಿಂಗಳಲ್ಲಿ ಆ ಶೂ ಹಾಕಿಸುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ನಾನು ಸದ್ಯಕ್ಕೆ ಬೇಡ ಅಂದುಕೊಂಡಿದ್ದೇನೆ. ತಾಂದ್ಯೂ ಒಂದರಲ್ಲೇ ಇನ್ನೂ ಎಷ್ಟೋ ಇದೆ.

ಸೇರುವ ಮೊದಲು ನೀವೂ ಒಂದು ಕ್ಲಾಸು ಕೂತು ನೋಡಿ. ಕೋಣೆ, ಕನ್ನಡಿ, ದೀಪ ಇವೆಲ್ಲ ಹೇಗಾದರೂ ಇರಲಿ, ಟೀಚರ್ ಎಲ್ಲಿರುತ್ತಾರೆ ಅಂತ ನೋಡಿ. ಕನ್ನಡಿ ಮುಂದೆಯೇ ಇರುತ್ತಾರಾ, ಕಲಿಯುವವರ ಹತ್ತಿರ ಬರುತ್ತಾರಾ? ತಿದ್ದಿದ ಮೇಲೆ ಇನ್ನೊಂದು ಸಲ ಮಾಡಿಸಿ ನೋಡುತ್ತಾರಾ? ಮುಟ್ಟುವ ಮುಂಚೆ ಕೇಳುತ್ತಾರಾ? ಒಬ್ಬರಿಗೆ ಹೇಳಿದ್ದನ್ನು ಉಳಿದವರೂ ಕಿವಿಗೊಟ್ಟು ಕೇಳುತ್ತಾರಾ? ನಮ್ಮಲ್ಲಿ ಒಬ್ಬರ ಭುಜ ಇಳಿಸಲು ಹೇಳಿದರೆ ಹತ್ತು ಜನರ ಭುಜ ಇಳಿಯುತ್ತದೆ.

ಕ್ಲಾಸಿನ ಕೊನೆಗೆ ಟೀಚರಿಗೆ ಬಾಗಿ ವಂದಿಸುತ್ತೇವೆ, ರೆವೆರಾನ್ಸ್ ಅಂತ. ಹಳೆಯ ಕ್ಲಾಸಿನಲ್ಲಿ ಅದನ್ನು ಬೇಗ ಮುಗಿಸಿ ಚೀಲದ ಕಡೆ ಓಡುತ್ತಿದ್ದೆ. ಈಗ ನಿಧಾನವಾಗಿ, ಪೂರ್ತಿ ಮನಸ್ಸಿನಿಂದ ಬಾಗುತ್ತೇನೆ.

ಕಳೆದ ವಾರ ಅವರು ನನ್ನ ಪಕ್ಕ ನಿಂತು ನಾಲ್ಕು ತಾಂದ್ಯೂ ನೋಡಿದರು. ಏನೂ ಹೇಳಲಿಲ್ಲ. ಮುಂದೆ ಎರಡು ಹೆಜ್ಜೆ ಹೋದವರು ವಾಪಸ್ ಬಂದು, "ನಿಂತ ಕಾಲಿನ ಕಿರುಬೆರಳು ನೆಲಕ್ಕೆ ತಾಗುತ್ತಿಲ್ಲ, ನೋಡಿಕೊಳ್ಳಿ," ಅಂದರು. ಈ ವಾರವೆಲ್ಲ ಅಡುಗೆಕಟ್ಟೆ ಹಿಡಿದು ಅದನ್ನೇ ನೋಡಿಕೊಳ್ಳುತ್ತಿದ್ದೇನೆ. ಮುಂದಿನ ಮೂರು ತಿಂಗಳ ಶುಲ್ಕ ಕಟ್ಟಿಯಾಗಿದೆ.