ಬಾಲ್ಡರ್ಸ್ ಗೇಟ್ 3: ಅವಸರ ಬಿಡಿ, ಮಲ್ಕೊಳ್ಳಿ

ಲಾರಿಯನ್ ಸ್ಟುಡಿಯೋಸ್ 2023ರಲ್ಲಿ ಬಿಟ್ಟ ಈ ವಿಡಿಯೋ ಆಟ ಶುರುವಾಗುವುದೇ ಕಣ್ಣಿಗೆ ಹುಳ ಬಿಡುವುದರಿಂದ. ಆಕ್ಟೋಪಸ್ ಮುಖದ ಮೈಂಡ್ ಫ್ಲೇಯರ್ ಬಿಟ್ಟ ಮರಿಹುಳ ನೇರ ತಲೆಯೊಳಗೆ ಹೋಗಿ ಕೂರುತ್ತದೆ. ನಿಮ್ಮನ್ನು ಹೊತ್ತ ಹಾರುವ ಹಡಗು ನೆಲಕ್ಕೆ ಬೀಳುತ್ತದೆ, ನೀವು ಹೇಗೋ ಬದುಕುತ್ತೀರಿ. ಆಮೇಲೆ ಜೊತೆಗೆ ಸಿಕ್ಕವರೆಲ್ಲರದ್ದೂ ಒಂದೇ ರಾಗ: ಬೇಗ ಯಾರಾದರೂ ವೈದ್ಯರನ್ನು ಹುಡುಕೋಣ, ಇಲ್ಲದಿದ್ದರೆ ಕೆಲವೇ ದಿನದಲ್ಲಿ ನಾವೂ ಮೈಂಡ್ ಫ್ಲೇಯರ್ ಆಗಿಬಿಡುತ್ತೇವೆ. ಅವರಲ್ಲಿ ಒಬ್ಬಳಾದ ಲೇಜೆಲ್ ಅಂತೂ ನಿಂತಲ್ಲಿ ನಿಲ್ಲಲು ಬಿಡುವುದಿಲ್ಲ.

ಆಟದ ಪಾತ್ರಗಳು ಹೇಳಿದ್ದನ್ನು ನಂಬುವ ಜಾತಿ ನಂದು. ಸಾಯ್ತೀವಿ ಅಂದರೆ ಓಡುತ್ತೇನೆ. ಹಾಗಾಗಿ ರಾತ್ರಿ ಬಿಡಾರಕ್ಕೆ ಹೋಗದೆ, ಗಾಯಕ್ಕೆ ಮದ್ದು ಕುಡಿದು ಕುಡಿದೇ ಮುಂದೆ ಹೋದೆ. ನನ್ನ ಗೆಳೆಯನೊಬ್ಬ ಇದೇ ಆಟವನ್ನು ಪ್ರತಿ ಜಗಳ ಮುಗಿದ ಮೇಲೂ ಮಲಗಿ ಆಡಿದ. ಅವನ ಪಾತ್ರಕ್ಕೆ ಜ್ವರ ಕೂಡ ಬರಲಿಲ್ಲ. ಬಂದಿದ್ದು ಕಥೆ! ರಾತ್ರಿ ಕಣ್ಣು ಬಿಟ್ಟರೆ ಜೊತೆಗಾರ ಆಸ್ಟೇರಿಯನ್ ಕುತ್ತಿಗೆ ಹತ್ತಿರ ಬಗ್ಗಿರುತ್ತಾನೆ, ರಕ್ತ ಕುಡಿಯಲು. ಇನ್ನೊಂದು ರಾತ್ರಿ ಜೊತೆಗಿರುವ ಮಂತ್ರವಾದಿ ಗೇಲ್ ಪಕ್ಕದಲ್ಲಿ ನಿಂತು ಮಂತ್ರ ಹೇಳಿಕೊಡುತ್ತಾನೆ. ಈ ಆಟದ ಜೀವ ಇರುವುದೇ ಇಂಥ ರಾತ್ರಿಗಳಲ್ಲಿ, ಮತ್ತು ಮಲಗಿದರೆ ಮಾತ್ರ ಅವು ತೆರೆದುಕೊಳ್ಳುತ್ತವೆ. ಓಡುವವರಿಗೆ ಈ ದೃಶ್ಯಗಳು ಒಂದರ ಹಿಂದೊಂದು ಸಾಲಾಗಿ ಕಾದು ನಿಲ್ಲುತ್ತವೆ. ಕಥೆಯ ಮುಂದಿನ ಅಂಕಕ್ಕೆ ಕಾಲಿಟ್ಟರೆ ಕೆಲವು ಹೋದವು, ಅಷ್ಟೇ.

ಸ್ವಲ್ಪ ಕಥೆ ಬಿಟ್ಟುಕೊಡುತ್ತೇನೆ, ಬೇಡವಾದವರು ಈ ಪ್ಯಾರಾ ದಾಟಿ. ನೀವು ಯಾಕೆ ಬದಲಾಗುತ್ತಿಲ್ಲ ಎನ್ನುವುದಕ್ಕೆ ಕಥೆಯಲ್ಲಿ ಸರಿಯಾದ ಕಾರಣವೇ ಇದೆ. ನಿಮ್ಮನ್ನು ಒಬ್ಬರು ಕಾಪಾಡುತ್ತಿದ್ದಾರೆ. ಆದರೆ ಹೆದರಬೇಡ ಎಂದು ಅವರು ಹೇಳಲು ಬರುವುದು ಕನಸಿನಲ್ಲಿ. ಅಂದರೆ ಅವಸರವಿಲ್ಲ ಎಂದು ತಿಳಿಯಬೇಕಾದರೆ ಮೊದಲು ಅವಸರ ಬಿಟ್ಟು ಮಲಗಬೇಕು. ಯಾವ ಲೆಕ್ಕ ಇದು?

ಸರಿ, ಎಲ್ಲ ಸುಳ್ಳು ಗಡಿಬಿಡಿ ಅಂತ ಆರಾಮಾಗಿ ಕೂರೋಣ ಅಂದರೆ ಅದೂ ಆಗುವುದಿಲ್ಲ. ವಾಕೀನ್ಸ್ ರೆಸ್ಟ್ ಎಂಬ ಛತ್ರಕ್ಕೆ ಬೆಂಕಿ ಬಿದ್ದಿರುತ್ತದೆ, ಒಳಗೆ ಜನ ಸಿಕ್ಕಿಕೊಂಡಿರುತ್ತಾರೆ. ಅದನ್ನು ನೋಡಿಯೂ ಹೋಗಿ ಮಲಗಿ ಎದ್ದರೆ ಉಳಿಯುವುದು ಬೂದಿ. ಗ್ರಿಮ್‌ಫೋರ್ಜ್ ಎಂಬ ನೆಲದಡಿಯ ಜಾಗದಲ್ಲಿ ಬಂಡೆ ಕುಸಿದು ಸಿಕ್ಕಿಕೊಂಡವರ ಕಥೆಯೂ ಹಾಗೇ. ಈ ಎರಡು ಗಡುವು ನಿಜ, ತಲೆಯ ಹುಳದ್ದು ಸುಳ್ಳು. ಆದರೆ ಮೂರನ್ನೂ ಆಟ ಒಂದೇ ದನಿಯಲ್ಲಿ ಹೇಳುತ್ತದೆ. ಇಷ್ಟು ದಿನ ಉಳಿದಿದೆ ಎಂದು ತೋರಿಸುವ ಕ್ಯಾಲೆಂಡರ್ ಕೂಡ ಎಲ್ಲೂ ಇಲ್ಲ.

1997ರ ಫಾಲ್‌ಔಟ್ ಎಂಬ ಆಟ ಈ ವಿಷಯದಲ್ಲಿ ನೇರ. ನಿಮ್ಮವರ ನೆಲದಡಿಯ ಆಸರೆಗೆ ನೀರು ಒದಗಿಸುವ ಯಂತ್ರದ ಚಿಪ್ ತರಲು 150 ದಿನ, ಅಷ್ಟೇ. ದುಡ್ಡು ಕೊಟ್ಟು ವ್ಯಾಪಾರಿಗಳಿಂದ ನೀರು ಕಳಿಸಿದರೆ ಇನ್ನೂ 100 ದಿನ ಸಿಗುತ್ತದೆ. ಕೈ ಕಟ್ಟಿದ ಹಾಗಿದೆ ಅಲ್ವಾ? ನನಗೆ ಹಾಗನ್ನಿಸಲಿಲ್ಲ. ಇರುವ ದಿನ ಎಷ್ಟು ಎಂದು ಗೊತ್ತಿದ್ದಾಗ ದಾರಿ ಬಿಟ್ಟು ಬೇರೆ ಊರಿಗೆ ಹೋಗುವುದು ನನ್ನದೇ ತೀರ್ಮಾನ. ಅದರ ಬೆಲೆ ಏನು ಅಂತಲೂ ಗೊತ್ತಿರುತ್ತದೆ. ಬಾಲ್ಡರ್ಸ್ ಗೇಟ್‌ನಲ್ಲಿ ಹಾಗಲ್ಲ. ನಂಬಿ ಓಡಿದರೂ ನಷ್ಟ, ನಂಬದೆ ಕೂತರೂ ಒಮ್ಮೊಮ್ಮೆ ನಷ್ಟ.

ಇದು ಇಷ್ಟು ಚುಚ್ಚುವುದಕ್ಕೆ ಕಾರಣ, ಉಳಿದೆಲ್ಲದರಲ್ಲೂ ಆಟ ಕೊಡುವ ಸ್ವಾತಂತ್ರ್ಯ. ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ಬಿಡಾರಕ್ಕೆ ಕತ್ತಿ ಹಿಡಿದು ನುಗ್ಗಬಹುದು. ಮಾತಲ್ಲೇ ಮರುಳು ಮಾಡಿ ಒಳಗೆ ಹೋಗಬಹುದು. ಅಥವಾ ಅವರು ಕುಡಿಯುವ ಹಂಡೆಗೆ ಸದ್ದಿಲ್ಲದೆ ವಿಷ ಬೆರೆಸಿ ದೂರ ನಿಂತು ನೋಡಬಹುದು. ನಾನು ಮೂರನೆಯದನ್ನೇ ಮಾಡಿದೆ, ಬಹಳ ಖುಷಿಯಾಯ್ತು. ಗ್ರಾಫಿಕ್ಸ್, ಸಂಗೀತ, ನಟನೆ ಎಲ್ಲ ಚೆನ್ನಾಗಿದೆ, ಅದನ್ನು ಈಗಾಗಲೇ ಎಲ್ಲರೂ ಹೇಳಿದ್ದಾರೆ.

ಹಾಗಾದರೆ ಕೊಳ್ಳಬೇಕಾ? ಖಂಡಿತ ಕೊಳ್ಳಿ. ಲೇಜೆಲ್ ಬೈದರೆ ಬೈಯಲಿ, ಕಿವಿಗೆ ಹಾಕಿಕೊಳ್ಳಬೇಡಿ. ಗೇಲ್‌ನ ಮಂತ್ರ ಖಾಲಿಯಾದ ಕೂಡಲೇ ಬಿಡಾರಕ್ಕೆ ಹೋಗಿ ಮಲಗಿ, ಎದ್ದಾಗ ಅವು ಮತ್ತೆ ಸಿಗುತ್ತವೆ. ಸಾಮಾನ್ಯ ಮಟ್ಟದಲ್ಲಿ ಒಂದು ರಾತ್ರಿ ಮಲಗಲು 40 ಪಾಯಿಂಟ್ ಆಹಾರ ಸಾಕು. ಕಂಡ ಕಂಡ ಪೀಪಾಯಿ, ಬುಟ್ಟಿ ತಡಕಿದರೆ ಅದಕ್ಕಿಂತ ಜಾಸ್ತಿಯೇ ಸಿಗುತ್ತದೆ. ಕಷ್ಟದ ಟ್ಯಾಕ್ಟಿಶಿಯನ್ ಮಟ್ಟದಲ್ಲಿ 80 ಬೇಕು, ಅದಕ್ಕೂ ಅಷ್ಟೇನೂ ಪರದಾಡಬೇಕಿಲ್ಲ. ಕಣ್ಣೆದುರು ಬೆಂಕಿ ಉರಿಯುತ್ತಿದ್ದರೆ, ಯಾರಾದರೂ ಬಂಡೆಯ ಹಿಂದೆ ಸಿಕ್ಕಿಕೊಂಡಿದ್ದರೆ ಮಾತ್ರ ಆ ಕೆಲಸ ಮುಗಿಸಿ ಆಮೇಲೆ ಮಲಗಿ.