ಮೈಸೂರಿನ ಅಂಗಡಿಗಳ ‘ಈಮ್ಸ್ ಕುರ್ಚಿ’: ಪ್ಲಾಸ್ಟಿಕ್‌ದು ಕೊಳ್ಳಿ, ಲೌಂಜ್ ನಕಲು ಬೇಡ

ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರ ಹೆಸರಿನಲ್ಲಿ ಮೈಸೂರಿನ ಫರ್ನಿಚರ್ ಅಂಗಡಿಗಳಲ್ಲಿ ಮಾರುವುದು ಮುಖ್ಯವಾಗಿ ಎರಡು. ಒಂದು, ಗೋಕುಲಂ, ಜಯಲಕ್ಷ್ಮೀಪುರಂ ಕಡೆಯ ಕೆಫೆಗಳಲ್ಲಿ ಕಾಣುವ ಮರದ ಕಾಲಿನ ಪ್ಲಾಸ್ಟಿಕ್ ಕುರ್ಚಿ. ಇನ್ನೊಂದು, ಬಾಗಿಸಿದ ಪ್ಲೈವುಡ್ಡಿಗೆ ಕಪ್ಪು ಕುಶನ್ ಕೂರಿಸಿದ, ಕಾಲು ಚಾಚಲು ಸ್ಟೂಲ್ ಇರುವ ಲೌಂಜ್ ಚೇರ್. ಸಾಮಾನ್ಯವಾಗಿ ಎರಡೂ ನಕಲೇ. ಅಸಲಿಯನ್ನು ತಯಾರಿಸುವುದು ಹರ್ಮನ್ ಮಿಲ್ಲರ್ ಮತ್ತು ವಿಟ್ರಾ ಕಂಪನಿಗಳು. ಆ ಲೌಂಜ್ ಚೇರಿನ ಬೆಲೆ ಲಕ್ಷಗಳಲ್ಲಿ. ನಕಲು ಅಂತ ಗೊತ್ತಿದ್ದೇ ಕೊಳ್ಳುವವರಿಗೆ ಯಾವುದು ಕೊಟ್ಟ ದುಡ್ಡಿಗೆ ತಕ್ಕದ್ದು, ಯಾವುದು ಅಲ್ಲ ಅನ್ನುವುದಷ್ಟೇ ಇಲ್ಲಿನ ವಿಷಯ.

ಅದಕ್ಕೆ ಈ ದಂಪತಿ ಮಾಡಿದ್ದೇನು ಅಂತ ಸ್ವಲ್ಪ ತಿಳಿದಿರಬೇಕು. ಚಾರ್ಲ್ಸ್ ವಾಸ್ತುಶಿಲ್ಪಿ, ರೇ ಚಿತ್ರಕಲಾವಿದೆ. 1941ರಲ್ಲಿ ಮದುವೆಯಾಗಿ ಲಾಸ್ ಏಂಜಲೀಸ್‌ಗೆ ಬಂದವರು ಬಾಡಿಗೆ ಮನೆಯಲ್ಲೇ ಪ್ಲೈವುಡ್ ಬಾಗಿಸುವ ಅಚ್ಚು ಕಟ್ಟಿಕೊಂಡು, ಸೈಕಲ್ ಪಂಪಿನಿಂದ ಗಾಳಿ ಹೊಡೆದು ಪದರಗಳನ್ನು ಒತ್ತುತ್ತಿದ್ದರು. ಪ್ಲೈವುಡ್ ಒಂದು ದಿಕ್ಕಿಗೆ ಹೇಳಿದ ಹಾಗೆ ಬಾಗುತ್ತದೆ. ಬಟ್ಟಲಿನಂತೆ ಎರಡೂ ದಿಕ್ಕಿಗೆ ಬಾಗಿಸಹೋದರೆ ತಿರುವಿನಲ್ಲಿ ಸೀಳುತ್ತದೆ. ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆಗೆ ಕಾಲಿಗೆ ಕಟ್ಟುವ ಪ್ಲೈವುಡ್ ದಬ್ಬೆ ಮಾಡಿಕೊಟ್ಟಾಗ, ಸೀಳುವ ಜಾಗದಲ್ಲಿ ಕಂಡಿ ಕೊಯ್ದು ಅದನ್ನು ನಿಭಾಯಿಸಿದರು. ಬಟ್ಟೆಪಟ್ಟಿ ಹಾಯಿಸಲೂ ಅದೇ ಕಂಡಿ ಆಯಿತು. ಕುರ್ಚಿಗೆ ಬಂದಾಗ ಕೂರುವ ಭಾಗವನ್ನೂ ಬೆನ್ನನ್ನೂ ಬೇರೆಬೇರೆ ಮಾಡಿ, ಜೋಡಣೆಯಲ್ಲಿ ರಬ್ಬರ್ ಇಟ್ಟರು. 1956ರ ಲೌಂಜ್ ಚೇರಿನ ಪ್ರಾಣ ಇರುವುದೂ ಆ ರಬ್ಬರಿನಲ್ಲೇ.

ಅಸಲಿಯಲ್ಲಿ ಬೆನ್ನಿನ ಶೆಲ್ಲನ್ನು, ಅಂದರೆ ಬಾಗಿಸಿದ ಪ್ಲೈವುಡ್ ಚಿಪ್ಪನ್ನು, ಸೀಟಿಗೆ ಹಿಡಿದಿಡುವುದು ಎರಡು ಆರ್ಮ್‌ರೆಸ್ಟ್‌ಗಳು. ಆರ್ಮ್‌ರೆಸ್ಟಿನ ಬೋಲ್ಟ್ ಹೋಗಿ ಕೂರುವುದು ಶೆಲ್ಲಿನ ಒಳಮೈಗೆ ಅಂಟಿಸಿದ ರಬ್ಬರ್ ತುಂಡಿಗೆ; ಅಲ್ಲಿ ಮರಕ್ಕೆ ತೂತೇ ಬೀಳುವುದಿಲ್ಲ. ಒರಗಿದಾಗ ರಬ್ಬರ್ ಚೂರು ಬಳುಕುತ್ತದೆ, ಪ್ಲೈಗೆ ಏಟು ತಗುಲುವುದಿಲ್ಲ. ಕಡಿಮೆ ಬೆಲೆಯ ನಕಲಿನಲ್ಲಿ ಮೊದಲು ಹಾರಿಹೋಗುವುದೇ ಇದು. ಸ್ಕ್ರೂವನ್ನು ನೇರ ಪ್ಲೈಗೆ ಬಿಗಿಯುತ್ತಾರೆ. ಒರಗಿದಾಗಲೆಲ್ಲ ಭಾರ ಸ್ಕ್ರೂ ಸುತ್ತಲಿನ ಬೆರಳಗಲ ಜಾಗದ ಮೇಲೇ ಬಿದ್ದು ತೂತು ಅಗಲವಾಗುತ್ತದೆ, ಪದರ ಬಿಡುತ್ತದೆ, ಕೊನೆಗೆ ಒಂದು ಪಕ್ಕ ಕಿತ್ತು ಬರುತ್ತದೆ. ಆಮೇಲೆ ಇನ್ನೊಂದು ಪಕ್ಕವೂ ಹೆಚ್ಚು ಹೊತ್ತು ತಡೆಯುವುದಿಲ್ಲ.

ಅಂಗಡಿಯಲ್ಲೇ ಇದನ್ನು ಹಿಡಿಯಬಹುದು. ಕುರ್ಚಿಯ ಹಿಂದೆ ನಿಂತು ಶೆಲ್ಲಿನ ಹೊರಮೈ ನೋಡಿ: ಸ್ಕ್ರೂ ತಲೆ, ಬೋಲ್ಟ್, ಪುಟ್ಟಿ ತುಂಬಿದ ಗುರುತು ಇದ್ದರೆ ಅಲ್ಲಿಗೆ ಬಿಡಿ. ಬೆನ್ನಿನ ಮೇಲಂಚು ಹಿಡಿದು ಹಿಂದಕ್ಕೆ ಒತ್ತಿದರೆ ತುಸು ಬಳುಕಿ ವಾಪಸು ಬರಬೇಕು. ಕಟಕಟ ಸದ್ದಾದರೆ ರಬ್ಬರ್ ಇಲ್ಲ, ಅಥವಾ ಒಣಗಿ ಕಲ್ಲಾಗಿದೆ. ಅಂಚಿನಲ್ಲಿ ಪದರ ಎಣಿಸಿ. ಮೊದಲಿನ ಅಸಲಿಗೆ 5, ಈಗಿನದಕ್ಕೆ 7. ಕೆಳಗೆ ಕುರ್ಚಿಗೆ 5 ಕವಲಿನ ಕಾಲು, ಸ್ಟೂಲಿಗೆ 4. ಹಲವು ನಕಲುಗಳು ಕುರ್ಚಿಗೂ ನಾಲ್ಕೇ ಕೊಡುತ್ತವೆ, ಪಕ್ಕಕ್ಕೆ ವಾಲಿದಾಗ ಅದು ತಿಳಿಯುತ್ತದೆ. ಹಿಂದೆಮುಂದೆ ತೂಗುವ ಮೆಕ್ಯಾನಿಸಂ ಇದೆ ಅಂತ ಹೊಗಳಿದರೆ ಮರುಳಾಗಬೇಡಿ. ಅಸಲಿ ತಿರುಗುತ್ತದೆ, ತೂಗುವುದಿಲ್ಲ, ಅದರ ವಾಲು 15 ಡಿಗ್ರಿಗೆ ಖಾಯಂ.

‘ಬೀಟೆ ಮರದ್ದು’ ಅನ್ನುವ ಮಾತು ಈ ಊರಿನಲ್ಲಿ ಬೇಗ ನಾಟುತ್ತದೆ, ಕುಸುರಿ ಕೆಲಸದ ಊರಲ್ಲವೇ! ಅಸಲಿಯಲ್ಲೂ ಬ್ರೆಜಿಲ್ ಬೀಟೆಯನ್ನು ಬಳಸುತ್ತಿದ್ದದ್ದು ಮೇಲೆ ಅಂಟಿಸುವ ತೆಳು ಮರದ ಹಾಳೆಗೆ, ಅಂದರೆ ವಿನಿಯರಿಗೆ; ಆ ಮರದ ಮೇಲೆ ನಿರ್ಬಂಧ ಬಂದ ಮೇಲೆ ಅದನ್ನೂ ಬಿಟ್ಟರು. ಇಲ್ಲಿ ಸಿಗುವುದರಲ್ಲಿ ಬಣ್ಣ ಹಾಕಿದ ಬೇರೆ ಮರ ಅಥವಾ ಪ್ರಿಂಟ್ ಹಾಳೆಯೂ ಇರುತ್ತದೆ. ಗೆರೆಗಳ ವಿನ್ಯಾಸ ಅಚ್ಚು ಹೊಡೆದಂತೆ ಮತ್ತೆ ಮತ್ತೆ ಬಂದರೆ ಅದು ಹಾಳೆ.

ಬಡಗಿಯ ಕೈಲಿ ಮಾಡಿಸುತ್ತೇವೆ ಅನ್ನುವವರಿಗೆ: ಸುಲಭವಾಗಿ ಬಾಗುವ ಫ್ಲೆಕ್ಸಿ ಪ್ಲೈ ಬಾಗಿಸಿ ಮೇಲೆ ವಿನಿಯರ್ ಅಂಟಿಸುವುದು ಸುಲಭದ ದಾರಿ, ಆದರೆ ಅದರ ಎಳೆಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಇರುವುದರಿಂದ ಕುರ್ಚಿಯ ಭಾರಕ್ಕೆ ಸಾಲದು. ಸುಮಾರು 1.5 ಮಿ.ಮೀ. ದಪ್ಪದ 7 ಪದರವನ್ನು ಎಳೆ ಅಡ್ಡಡ್ಡ ಬರುವಂತೆ ಜೋಡಿಸಿ, ಗಂಡು-ಹೆಣ್ಣು ಅಚ್ಚಿನ ನಡುವೆ ಒತ್ತಬೇಕು. ಸೀಟಿಗೂ ಸ್ಟೂಲಿಗೂ ಅಳತೆ ಒಂದೇ, ಬೆನ್ನಿಗೂ ತಲೆಯೊರಗಿಗೂ ಒಂದೇ, ಆದ್ದರಿಂದ ಎರಡು ಜೊತೆ ಅಚ್ಚು ಸಾಕು. ಆದರೂ ಒಂದೇ ಒಂದು ಕುರ್ಚಿಗೆ ಇಷ್ಟೆಲ್ಲ ಕಟ್ಟುವ ಖರ್ಚು ಲೆಕ್ಕ ಹಾಕಿದರೆ ಹೆಚ್ಚಿನವರು ಅಲ್ಲಿಗೇ ಕೈಬಿಡುತ್ತಾರೆ, ಕೈಬಿಡುವುದೇ ಸರಿ.

ಈಗಾಗಲೇ ರಬ್ಬರ್ ಇರುವ ನಕಲು ಮನೆಯಲ್ಲಿದ್ದು, ರಬ್ಬರ್ ಬಿಟ್ಟುಕೊಂಡಿದ್ದರೆ ಮರಕ್ಕೆ ಹಚ್ಚುವ ಬಿಳಿ ಫೆವಿಕಾಲ್ ಹಚ್ಚಬೇಡಿ, ಅದು ರಬ್ಬರಿಗೆ ಹಿಡಿಯದು. ಹಳೆಯ ಅಂಟನ್ನು ಪೂರ್ತಿ ಕೆರೆದು, ಮರವನ್ನೂ ರಬ್ಬರನ್ನೂ ಉಪ್ಪುಕಾಗದದಿಂದ ಒರಟು ಮಾಡಿ, ಧೂಳು, ಜಿಡ್ಡು ಒರೆಸಿ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಹಾಕಿ 24 ಗಂಟೆ ಕ್ಲ್ಯಾಂಪಿನಲ್ಲಿಡಿ. ಐದು ನಿಮಿಷದ ಎಪಾಕ್ಸಿ ಈ ಜಾಗಕ್ಕೆ ಆಗುವುದಿಲ್ಲ. ಒಂದು ಪಕ್ಕ ಬಿಟ್ಟಿದ್ದರೆ ಇನ್ನೊಂದನ್ನೂ ಆಗಲೇ ಬಿಚ್ಚಿ ಹೊಸದಾಗಿ ಅಂಟಿಸಿ.

ಇನ್ನು ಜಾಗ. ಲೌಂಜ್ ಚೇರಿನ ಅಗಲ ಹತ್ತಿರಹತ್ತಿರ 33 ಇಂಚು. 30 ಇಂಚಿನ ಬಾಗಿಲಿನಲ್ಲಿ ಬಿಚ್ಚಿ ಒಳಗೆ ಹಾಕಬೇಕಾದೀತು. ಸ್ಟೂಲ್ ಸೇರಿದರೆ ಐದಡಿ ಉದ್ದ. ಸೀಟು ತಗ್ಗು, ಮೇಲಾಗಿ ಹಿಂದಕ್ಕೆ ವಾಲಿದೆ. ಮಂಡಿನೋವಿನ ಅಜ್ಜಿ-ತಾತನಿಗೆ ಇದರಿಂದ ಏಳುವುದೇ ಒಂದು ಸಾಹಸ.

ಪ್ಲಾಸ್ಟಿಕ್ ಕುರ್ಚಿಯ ಕಥೆ ಬೇರೆ. 1948ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಕಡಿಮೆ ಬೆಲೆಯ ಪೀಠೋಪಕರಣದ ಸ್ಪರ್ಧೆ ನಡೆಸಿದಾಗ ಅದಕ್ಕೆಂದು ಹೊರಟ ಕೆಲಸ ಇದು. 1950ರಲ್ಲಿ ಫೈಬರ್‌ಗ್ಲಾಸಿನಲ್ಲಿ ಮಾರುಕಟ್ಟೆಗೆ ಬಂತು. ಶೆಲ್ ಒಂದೇ, ಕಾಲು ಬೇಕಾದ್ದು ಹಾಕಿಕೊಳ್ಳಿ ಅನ್ನುವ ಲೆಕ್ಕ. ಹೆಚ್ಚು ಜನಕ್ಕೆ ಕಡಿಮೆ ದುಡ್ಡಿನಲ್ಲಿ ಒಳ್ಳೆಯದು ಸಿಗಬೇಕು ಅನ್ನುವುದು ಈಮ್ಸ್ ದಂಪತಿಯ ಹಟ. 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಅವರು ಮೆಚ್ಚಿ ಬರೆದದ್ದು ಅರಮನೆಯ ಸಿಂಹಾಸನವನ್ನಲ್ಲ, ನಮ್ಮ ಚೊಂಬನ್ನು: ತುಂಬಿದಾಗ, ಖಾಲಿಯಾದಾಗ ಅದರ ತೂಕ ಹೇಗೆ ನಿಲ್ಲುತ್ತದೆ, ಸುರಿಯುವುದು ಹೇಗೆ, ತೊಳೆಯುವುದು ಹೇಗೆ ಅಂತ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯ ಬೆನ್ನಲ್ಲೇ. ಅಂಥವರ ಹೆಸರಿನಲ್ಲಿ ಸಾಲ ಮಾಡಿ ಲೌಂಜ್ ನಕಲು ತಂದು ನಡುಮನೆಯಲ್ಲಿ ಮೆರೆಸುವುದಕ್ಕಿಂತ, ಊಟದ ಮೇಜಿಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ತರುವುದೇ ಅವರಿಗೆ ಹತ್ತಿರದ ಕೆಲಸ.

ಅದರಲ್ಲೂ ನೋಡಿ ಕೊಳ್ಳಿ. ಬೆನ್ನನ್ನು ಹಿಂದಕ್ಕೆ ಬಗ್ಗಿಸಿದಾಗ ಸೀಟು-ಬೆನ್ನು ಸೇರುವ ತಿರುವಿನಲ್ಲಿ ಬಿಳಿ ಗೆರೆ ಮೂಡಿದರೆ ಕಳಪೆ ಮಾಲು, ಸೀಳುವುದು ಅಲ್ಲೇ. ತಲೆಕೆಳಗು ಮಾಡಿ ಶೆಲ್ಲಿಗೆ ಕಾಲು ಸೇರುವ ನಾಲ್ಕು ಕಡೆ ಲೋಹದ ಥ್ರೆಡ್ ಇದೆಯೇ ನೋಡಿ. ಪ್ಲಾಸ್ಟಿಕ್ಕಿಗೇ ಸ್ಕ್ರೂ ಹೊಡೆದದ್ದು ಒಮ್ಮೆ ಸಡಿಲವಾದರೆ ಮತ್ತೆ ಬಿಗಿಯಾಗದು. ಕಾಲುಗಳ ನಡುವಿನ ಕಂಬಿಗಳ ಬೋಲ್ಟನ್ನು ತಂದ ಒಂದು ತಿಂಗಳಿಗೆ ಅಲೆನ್ ಕೀಯಿಂದ ಮತ್ತೊಮ್ಮೆ ಬಿಗಿಯಿರಿ, ಆ ಹೊತ್ತಿಗೆ ಮರ ಕೂತಿರುತ್ತದೆ. ದಿನಾ ನೆಲ ಒರೆಸುವ ಮನೆಗಳಲ್ಲಿ ಕಾಲಿನ ತುದಿ ನೀರು ಕುಡಿದು ಬಾಯಿಬಿಡುತ್ತದೆ. ತಂದ ದಿನವೇ ತುದಿಗೆ ಎರಡು ಕೋಟ್ ಪಾಲಿಶ್ ಹಚ್ಚಿ ನೈಲಾನ್ ಬುಷ್ ಹೊಡೆಯಿರಿ, ರೆಡ್ ಆಕ್ಸೈಡ್ ನೆಲಕ್ಕೂ ಗೀರು ಬೀಳದು. ಟೆರೇಸಿನಲ್ಲಿ ಬಿಡಬೇಡಿ. ಬಿಸಿಲಿಗೆ ಪ್ಲಾಸ್ಟಿಕ್ ಮೇಲೆ ಬಿಳಿ ಪುಡಿ ಏಳುತ್ತದೆ, ಆಮೇಲೆ ಯಾವ ದಿನ ಕೂತವರ ಕೆಳಗೆ ಮುರಿಯುತ್ತದೋ ಹೇಳಲಾಗದು.