ಮೈಸೂರಿನಲ್ಲಿ ರೀ-ಆರ್‌ಸಿಟಿ: ದಂತ ಕಾಲೇಜೋ, ಖಾಸಗಿ ಕ್ಲಿನಿಕ್ಕೋ?

ರೂಟ್ ಕೆನಾಲ್ ಆದ ಹಲ್ಲೇ ಮತ್ತೆ ಜುಮ್ಮೆಂದರೆ, ಅಥವಾ ವಸಡಿನ ಮೇಲೆ ಕೀವಿನ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದರೆ ಅದೇ ಹಲ್ಲಿಗೆ ಇನ್ನೊಮ್ಮೆ ರೂಟ್ ಕೆನಾಲ್ (ರೀ-ಆರ್‌ಸಿಟಿ) ಮಾಡಿಸಲು ಮೈಸೂರಿನಲ್ಲಿ ದಾರಿ ಎರಡು. ಒಂದು, ಬನ್ನಿಮಂಟಪದ ಜೆಎಸ್‌ಎಸ್, ತಿಲಕ್ ನಗರದ ಫಾರೂಕಿಯಾ ಥರದ ದಂತ ಕಾಲೇಜು. ಇನ್ನೊಂದು, ಎಂಡೋಡಾಂಟಿಕ್ಸ್‌ನಲ್ಲಿ ಎಂಡಿಎಸ್ (ಅಂದರೆ ಹಲ್ಲಿನ ಬೇರಿನ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ) ಮಾಡಿದವರು ಕೂರುವ ಖಾಸಗಿ ಕ್ಲಿನಿಕ್. ಬೋರ್ಡು, ಎಸಿ, ಸೋಫಾ ನೋಡಿ ತೀರ್ಮಾನಿಸಬೇಡಿ. ‘ಮೊದಲ ಸಲದ್ದು ಯಾಕೆ ಕೆಟ್ಟಿತು?’ ಎಂದು ಕೇಳಿ. ಡ್ರಿಲ್ ಹಿಡಿಯುವ ಮೊದಲೇ ಇದಕ್ಕೆ ಎಕ್ಸ್‌ರೇ ತೋರಿಸಿ ಉತ್ತರ ಹೇಳುವ ಕಡೆ ದುಡ್ಡು ಕೊಡಬಹುದು. ‘ಇನ್ಫೆಕ್ಷನ್ ಆಗಿದೆ, ಇನ್ನೊಂದ್ಸಲ ಮಾಡೋಣ’ ಅಂದರೆ ಅದು ಉತ್ತರವಲ್ಲ.

ಕೆಡಲು ಕಾರಣಗಳು ತೀರಾ ನಿಗೂಢವೇನಲ್ಲ. ಮೇಲಿನ ಮೊದಲ ದೊಡ್ಡ ದವಡೆ ಹಲ್ಲನ್ನೇ ತೆಗೆದುಕೊಳ್ಳಿ. ಅದರ ಮೂರು ಬೇರಲ್ಲಿ, ಕೆನ್ನೆ ಕಡೆಯ ಮುಂದಿನ ಬೇರಿನೊಳಗೆ ಬಹುಪಾಲು ಜನರಿಗೆ ಎರಡು ಕೆನಾಲ್ (ನರ ಹಾಯುವ ಸಣ್ಣ ನಾಳ) ಇರುತ್ತವೆ. ಎರಡನೆಯದರ ಹೆಸರು ಎಂಬಿ-2. ಅದರ ಬಾಯಿ ಚುಕ್ಕಿಯಷ್ಟು. ಮೇಲೆ ಹಲ್ಲಿನ ಒಳಗಟ್ಟಿ ಪದರವಾದ ಡೆಂಟಿನ್‌ನ ಸಣ್ಣ ಸಜ್ಜವೊಂದು ಚಾಚಿಕೊಂಡಿರುತ್ತದೆ. ಸಜ್ಜ ಸವೆಸದೆ ಮೂರೇ ಕೆನಾಲ್ ತುಂಬಿ ಮುಗಿಸಿದ ಹಲ್ಲುಗಳೇ ವರ್ಷಗಳ ನಂತರ ಕುರ್ಚಿಗೆ ವಾಪಸ್ ಬರುವುದು. ಫಿಲ್ಲಿಂಗ್ ಬೇರಿನ ತುದಿಗಿಂತ ಎರಡು ಮಿಲಿಮೀಟರಿಗೂ ಹೆಚ್ಚು ಹಿಂದೆ ನಿಂತಿದ್ದರೆ ಅಲ್ಲೂ ಕೊಳೆ ಉಳಿದಿರುತ್ತದೆ. ಇನ್ನು ನಮ್ಮ ಕಡೆಯ ಖಾಯಂ ಕಾರಣ: ನೋವು ಹೋಯಿತಲ್ಲ ಎಂದು ಕ್ಯಾಪ್ ಹಾಕಿಸದೆ ಬಿಡುವುದು. ಫಿಲ್ಲಿಂಗ್ ಸಂದಿಯಿಂದ ಎಂಜಲು ಇಳಿದು ಒಳಗಿನದನ್ನೆಲ್ಲ ಕೆಡಿಸುತ್ತದೆ. ಅದೇ ಹಲ್ಲಲ್ಲಿ ಸಂಕ್ರಾಂತಿಗೆ ಕಬ್ಬು ಸಿಗಿದರಂತೂ ಹಲ್ಲೇ ಸೀಳಬಹುದು.

ಬೇರು ಉದ್ದಕ್ಕೆ ಸೀಳಿದ್ದರೆ ರೀ-ಆರ್‌ಸಿಟಿ ದಂಡ. ವಸಡಿನ ಸುತ್ತ ಪ್ರೋಬ್ (ಆಳ ಅಳೆಯುವ ಕಡ್ಡಿ) ಓಡಿಸುವಾಗ ಎಲ್ಲೆಡೆ ಎರಡು-ಮೂರು ಮಿಲಿಮೀಟರಿಗೇ ನಿಂತು, ಒಂದೇ ಜಾಗದಲ್ಲಿ ಮಾತ್ರ ಕಿರಿದಾಗಿ ಆಳಕ್ಕೆ ಇಳಿದರೆ ಸೀಳಿನ ಅನುಮಾನ ಬಲವಾಗುತ್ತದೆ. ‘ಇದನ್ನ ಕೀಳಿಸಿಬಿಡಿ’ ಎನ್ನುವ ಡಾಕ್ಟರ್ ನಿಮ್ಮ ದುಡ್ಡು ಉಳಿಸುತ್ತಿದ್ದಾರೆ.

ಈಗ ಕೆಲಸ. ಎಕ್ಸ್‌ರೇ ಎರಡು ಕೋನದಲ್ಲಿ ಬೇಕು. ಅನುಮಾನ ಉಳಿದರೆ ಆ ಜಾಗದ್ದಷ್ಟೇ ಸಿಬಿಸಿಟಿ, ಅಂದರೆ ಹಲ್ಲಿನ 3ಡಿ ಸ್ಕ್ಯಾನ್. ಕ್ಯಾಪ್ ಅಂಚಿನಲ್ಲಿ ಸೋರುತ್ತಿದ್ದರೆ ಕತ್ತರಿಸಿ ತೆಗೆಯಬೇಕು, ಗಟ್ಟಿಯಿದ್ದರೆ ತೂತು ಮಾಡಿ ಒಳಹೋಗಬಹುದು. ರಬ್ಬರ್ ಡ್ಯಾಮ್ (ಎಂಜಲು ತಾಗದಂತೆ ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆ) ಹಾಕದೆ ಹತ್ತಿ ಉಂಡೆ ಇಟ್ಟು ಶುರು ಮಾಡಿದರೆ ಅರ್ಧ ಅಂಕ ಅಲ್ಲೇ ಕಳೆಯಿರಿ. ಕೆನಾಲ್ ತುಂಬಿದ್ದ ಹಳೆಯ ಗಟ್ಟ ಪರ್ಚ ಎಂಬ ಮೇಣದಂಥ ವಸ್ತು ತೆಗೆಯಲು ಬೇರೆ ರೋಟರಿ (ಯಂತ್ರದಲ್ಲಿ ತಿರುಗುವ) ಫೈಲ್‌ಗಳೇ ಇವೆ: ಪ್ರೋಟೇಪರ್ ಸೆಟ್‌ನಲ್ಲಿ ಡಿ1, ಡಿ2, ಡಿ3, ಕ್ರಮವಾಗಿ 16, 18, 22 ಮಿಲಿಮೀಟರ್ ಉದ್ದ, ಮೇಲಿನ, ನಡುವಿನ, ತಳದ ಭಾಗಕ್ಕೆ ಒಂದೊಂದು. ಗುಲಾಬಿ ಬಣ್ಣದ ಮೇಣ ಫೈಲ್ ಸುರುಳಿಗೆ ಸುತ್ತಿಕೊಂಡು ಬರುತ್ತದೆ. ಎಂಜಲು ಸೋರಿದ್ದರೆ ಅದು ಕಪ್ಪಾಗಿ ನಾರುತ್ತಿರುತ್ತದೆ. ಗಟ್ಟಿಯಾಗಿದ್ದರೆ ಆರೆಂಜ್ ಆಯಿಲ್ ಅಥವಾ ಝೈಲೀನ್ ಒಂದೆರಡು ಹನಿ ಸಾಕು. ಜಾಸ್ತಿ ಸುರಿದರೆ ಮೇಣ ಕರಗಿ ಗೋಡೆಗೆಲ್ಲ ಲೇಪವಾಗಿ ಕೂರುತ್ತದೆ, ಆಮೇಲೆ ಔಷಧಿ ಡೆಂಟಿನ್‌ಗೆ ತಾಗುವುದಿಲ್ಲ. ತಳದ ಭಾಗವನ್ನು ಎಚ್ ಫೈಲ್‌ನಿಂದ ಕೈಯಲ್ಲೇ ಎಳೆಯುವುದು ಜಾಣತನ, ಯಾಕೆಂದರೆ ಅವಸರ ಮಾಡಿದರೆ ಫೈಲ್ ಮುರಿಯುವುದು, ಹಿಂದಿನ ಸಲ ಕೆನಾಲ್ ಗೋಡೆಯಲ್ಲಿ ಕೊರೆದುಹೋದ ಮೆಟ್ಟಿಲಿಗೆ ತಾಗಿ ಬೇರು ತೂತಾಗುವುದು ಅಲ್ಲೇ. ನಂತರ ಬೇರಿನ ತುದಿ ಪತ್ತೆ ಹಚ್ಚುವ ಅಪೆಕ್ಸ್ ಲೊಕೇಟರ್‌ನಲ್ಲಿ ಉದ್ದ ಅಳೆದು, ಕ್ರಿಮಿ ಕೊಲ್ಲುವ ಹೈಪೋಕ್ಲೋರೈಟ್‌ನಿಂದ ಧಾರಾಳವಾಗಿ ತೊಳೆದು, ಕೊನೆಗೆ ಗೋಡೆಗೆ ಮೆತ್ತಿದ ಪುಡಿ ಬಿಡಿಸುವ 17% ಇಡಿಟಿಎ ಒಂದು ನಿಮಿಷ. ಕೀವಿದ್ದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಒಂದೆರಡು ವಾರ ಬಿಡುತ್ತಾರೆ.

ಕೊಳೆ ಸ್ವಲ್ಪ ಬೇರಿನ ತುದಿಯಾಚೆ ಹೋಗಿ ಎರಡು-ಮೂರು ದಿನ ನೋವು ಬರುವುದುಂಟು. ಮುಖ ಊದಿದರೆ, ಜ್ವರ ಬಂದರೆ ಫೋನ್ ಮಾಡಿ ಕಾಯದೆ ಹೋಗಿ. ತಾತ್ಕಾಲಿಕ ಫಿಲ್ಲಿಂಗ್ ಇರುವಷ್ಟು ದಿನ ಆ ಕಡೆ ಅಗಿಯುವ ಹಾಗಿಲ್ಲ. ಮುದ್ದೆ-ಸಾರಿನವರಿಗೆ ಈ ತಾಪತ್ರಯ ಕಮ್ಮಿ, ಅಗಿಯಲಿಕ್ಕೇ ಇಲ್ಲವಲ್ಲ. ಚಕ್ಕುಲಿ ಡಬ್ಬದ ಕಡೆ ಹೋಗದಿದ್ದರಾಯಿತು.

ಕಾಲೇಜಿನಲ್ಲಿ ಪಿಜಿ ವಿದ್ಯಾರ್ಥಿ ಮಾಡುತ್ತಾರೆ, ಹಂತಹಂತಕ್ಕೂ ಮೇಷ್ಟ್ರು ಬಂದು ನೋಡುತ್ತಾರೆ. ಖರ್ಚು ಕಮ್ಮಿ, ಸಿಟಿಂಗ್ ಜಾಸ್ತಿ, ಹಗಲು ಹೊತ್ತೇ ಹೋಗಬೇಕು. ಮಂಡ್ಯದಿಂದ ನಾಲ್ಕೈದು ಸಲ ಓಡಾಡುವವರು ಬಸ್ ಚಾರ್ಜು, ಹೋದ ಕೂಲಿ ಸೇರಿಸಿ ಲೆಕ್ಕ ಹಾಕಲಿ. ಮುರಿದ ಫೈಲ್, ಲೋಹದ ಪೋಸ್ಟ್ (ಕ್ಯಾಪ್‌ಗೆ ಆಧಾರವಾಗಿ ಬೇರಿನೊಳಗೆ ಕೂರಿಸಿದ ಕಡ್ಡಿ) ಇರುವ ಹಲ್ಲಾದರೆ ಮೈಕ್ರೋಸ್ಕೋಪ್, ಅಲ್ಟ್ರಾಸಾನಿಕ್ ಇರುವ ಜಾಗವೇ ಬೇಕು. ಇದೆಯಾ ಎಂದಲ್ಲ, ನನ್ನ ಹಲ್ಲಿಗೆ ಬಳಸುತ್ತೀರಾ ಎಂದು ಕೇಳಿ. ಹೇಳಿದ ರೇಟಿನಲ್ಲಿ ಕ್ಯಾಪ್ ಬಿಚ್ಚುವುದು, ಪೋಸ್ಟ್, ಹೊಸ ಕ್ಯಾಪ್ ಸೇರಿದೆಯೋ ಇಲ್ಲವೋ ಬರೆಸಿಕೊಳ್ಳಿ.

ಮುಗಿದ ದಿನದ ಎಕ್ಸ್‌ರೇ ಕೇಳಿ ಪಡೆಯಿರಿ. ಆರು ತಿಂಗಳಾದಾಗ ಒಮ್ಮೆ, ವರ್ಷವಾದಾಗ ಒಮ್ಮೆ ಅದೇ ಕೋನದಲ್ಲಿ ತೆಗೆಸಿ ಪಕ್ಕಪಕ್ಕ ಇಟ್ಟು, ಬೇರಿನ ತುದಿಯ ಕಪ್ಪು ನೆರಳು ಸಣ್ಣದಾಗುತ್ತಿದೆಯಾ ಎಂದು ತೋರಿಸಿ ಅನ್ನಿ. ವರ್ಷವಾದರೂ ಅದು ಇಷ್ಟಿಷ್ಟೇ ದೊಡ್ಡದಾಗುತ್ತಿದ್ದರೆ ಮುಂದಿನ ಮಾತು ಬೇರಿನ ತುದಿ ಕತ್ತರಿಸುವ ಅಪೈಕೋಎಕ್ಟಮಿಯದು, ಮೂರನೇ ರೂಟ್ ಕೆನಾಲ್‌ನದಲ್ಲ.